ಹೊರಗಿನ ತೊಟ್ಟಿಯ ಮೀನುಗಳಿಗೆ ಪುಣೆಯ ಚಳಿಗಾಲ: ನೀರು ಆರದ ಹಾಗೆ ಕಾಯುವ ಬಗೆ

ದೀಪಾವಳಿ ಮುಗಿದು ಹದಿನೈದು ದಿನ ಆಗುವಷ್ಟರಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ. "ಹೊರಗಿನ ತೊಟ್ಟಿಯಲ್ಲಿ ಗಪ್ಪಿ, ಮೋಲಿ ಬಿಟ್ಟಿದ್ದೇವೆ. ಬೆಳಿಗ್ಗೆ ನೋಡಿದರೆ ಎರಡು ಮೂರು ಸತ್ತು ತೇಲುತ್ತಿರುತ್ತವೆ. ಎಷ್ಟು ವಾಟಿನ ಹೀಟರ್ ತರಬೇಕು?" ಕೇಳುವವರು ಹೆಚ್ಚಾಗಿ ನಮ್ಮವರೇ. ಹುಬ್ಬಳ್ಳಿ, ವಿಜಯಪುರ, ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಮನೆ ಮಾಡಿದವರು, ಅಂಗಳದಲ್ಲೋ ಟೆರೇಸಿನಲ್ಲೋ ಆಸೆಯಿಂದ ಒಂದು ಪುಟ್ಟ ಕೊಳ ಮಾಡಿಕೊಂಡವರು. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹೀಟರ್ ಎಷ್ಟು ವಾಟಿನದು ಅನ್ನುವುದು ಆಮೇಲಿನ ಮಾತು. ರಾತ್ರಿ ನಿಮ್ಮ ನೀರಿನ ಬಿಸಿ ಎಲ್ಲಿಂದ ಹೋಗುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಒಲೆಯಿಂದ ಇಳಿಸಿದ ಅನ್ನದ ಪಾತ್ರೆಗೆ ಮುಚ್ಚಳ ಹಾಕದೆ ಬಿಟ್ಟು, ಆರಿತು ಅಂತ ಮತ್ತೆ ಮತ್ತೆ ಒಲೆಗೆ ಇಡುತ್ತೇವಾ? ಇಲ್ಲ ಅಲ್ವಾ. ಕೊಳಕ್ಕೂ ಅದೇ ಲೆಕ್ಕ. ಮುಚ್ಚಿಗೆ ಸರಿ ಇದ್ದರೆ ಅರ್ಧ ಕೆಲಸ ಕರೆಂಟ್ ಇಲ್ಲದೆ ಆಗುತ್ತದೆ.

ಪುಣೆಯ ಹವೆ ಹೀಗಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10–12 ಡಿಗ್ರಿ ಸಾಮಾನ್ಯ, ಥಂಡಿ ಜೋರಾದರೆ 7–8ಕ್ಕೂ ಇಳಿಯುತ್ತದೆ. 1935ರ ಜನವರಿಯಲ್ಲಿ ಒಮ್ಮೆ 1.7 ಡಿಗ್ರಿ ಮುಟ್ಟಿದ್ದೂ ಇದೆ. ಅದೇ ದಿನಗಳಲ್ಲಿ ಮಧ್ಯಾಹ್ನ 29–30 ಇರುತ್ತದೆ. ಇಲ್ಲಿಯ ಜನ ಪ್ರೀತಿಯಿಂದ ಗುಲಾಬಿ ಥಂಡಿ ಅನ್ನುವ ಈ ಹವೆ ನಮಗೆ ಹಿತ. ಮೀನಿಗೆ ಮಾತ್ರ ಒಂದೇ ದಿನದಲ್ಲಿ ಈ ಏರಿಳಿತ ದೊಡ್ಡ ಪೆಟ್ಟು. ಮುಂಬೈಯವರಿಗೆ ರಾತ್ರಿ ಸಾಮಾನ್ಯವಾಗಿ 16–18 ಇರುವುದರಿಂದ ಬರೀ ಮುಚ್ಚಿಗೆ ಸಾಕಾಗುತ್ತದೆ, ತೀರಾ ಚಿಕ್ಕ ತೊಟ್ಟಿ ಇದ್ದರೆ ಮಾತ್ರ ಹೀಟರ್. ಗೋವಾದ ಕರಾವಳಿಯಲ್ಲಿ ರಾತ್ರಿ 20ರ ಆಸುಪಾಸು. ಅಲ್ಲಿಯವರು ಚಿಂತೆ ಮಾಡಬೇಕಿಲ್ಲ. ಹಾಗಾಗಿ ಮುಂದೆ ಬರೆಯುವುದೆಲ್ಲ ಪುಣೆಯ ಲೆಕ್ಕ.

1. ನಿಮ್ಮ ಮೀನು ಯಾವುದು, ನೋಡಿ

ಎಲ್ಲ ಮೀನಿಗೂ ಬಿಸಿ ಬೇಕಿಲ್ಲ. ಗೋಲ್ಡ್‌ಫಿಶ್, ಕೋಯಿ ತಣ್ಣೀರಿನ ಮೀನು. ಪುಣೆಯ ಚಳಿ ಅವಕ್ಕೆ ಏನೂ ಅಲ್ಲ, ಅವು ಮಾತ್ರ ಇದ್ದರೆ ಹೀಟರ್ ತರಬೇಡಿ. ನಮ್ಮ ದೇಶದ್ದೇ ಆದ ರೋಸಿ ಬಾರ್ಬ್, ಜೀಬ್ರಾ ಡೇನಿಯೋ ಕೂಡ 18ರವರೆಗೆ ಆರಾಮಾಗಿರುತ್ತವೆ. ಪ್ಲಾಟಿ, ಸ್ವೋರ್ಡ್‌ಟೇಲ್, ಗಪ್ಪಿ 20–22 ಇದ್ದರೆ ಹೊಂದಿಕೊಳ್ಳುತ್ತವೆ, 18ಕ್ಕೆ ಬಂದರೆ ಮಂಕಾಗುತ್ತವೆ. ಮೋಲಿ, ಗೌರಾಮಿ, ಬೆಟ್ಟಾ, ಏಂಜೆಲ್‌ಗೆ 24 ಬೇಕು. ಆಸ್ಕರ್, ಸಕ್ಕರ್ ಫಿಶ್ 22ಕ್ಕಿಂತ ಕೆಳಗೆ ಹೋಗಬಾರದು. ಫ್ಲವರ್‌ಹಾರ್ನ್, ಡಿಸ್ಕಸ್‌ಗೆ 28ರ ಹತ್ತಿರ ಬೇಕು. ಅವನ್ನು ಚಳಿಗಾಲದಲ್ಲಿ ಹೊರಗೆ ಇಡಲೇಬೇಡಿ, ಒಳಗೆ ತನ್ನಿ.

ನಾನು ಎಲ್ಲರಿಗೂ ಹೇಳುವ ಗುರಿ 24 ಡಿಗ್ರಿ. "28 ಇಟ್ಟರೆ ಇನ್ನೂ ಒಳ್ಳೇದಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಒಂದೊಂದು ಡಿಗ್ರಿ ಮೇಲೆ ಹೋದಷ್ಟೂ ಬಿಲ್ ಏರುತ್ತದೆ, ಕರೆಂಟ್ ಹೋದಾಗ ಬೀಳುವ ಅಂತರವೂ ದೊಡ್ಡದಾಗುತ್ತದೆ. ಮೀನಿಗೆ ಬೇಕಾದದ್ದು ಸ್ಥಿರತೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ತೊಟ್ಟಿ 300 ಲೀಟರಿಗಿಂತ ಚಿಕ್ಕದು, ಒಳಗೆ ಇಪ್ಪತ್ತು ಗಪ್ಪಿ ಇವೆ ಅಂದರೆ, ಎರಡೂವರೆ ತಿಂಗಳ ಮಟ್ಟಿಗೆ ಅವನ್ನು ಮನೆಯೊಳಗಿನ ಟ್ಯಾಂಕಿಗೆ ತಂದುಬಿಡಿ. ಅದೇ ಅಗ್ಗ, ಅದೇ ಸುಲಭ. ಚಿಕ್ಕ ನೀರು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. "ನೋಡಿಕೊಳ್ಳಲು ಆಗಲ್ಲ" ಅಂತ ಇಲ್ಲಿಯ ಪಾಷಾಣ್ ಕೆರೆಗೋ ಹೊಳೆಗೋ ಬಿಟ್ಟು ಬರಬೇಡಿ, ದಯವಿಟ್ಟು. ಸಕ್ಕರ್ ಫಿಶ್‌ನಂಥವು ಅಲ್ಲಿ ಬದುಕಿಕೊಂಡರೆ ನಮ್ಮ ಕೆರೆಯ ಮೀನುಗಳಿಗೇ ಕುತ್ತು. ಮೀನು ಸಾಕುವ ಇನ್ನೊಬ್ಬರಿಗೆ ಕೊಡಿ.

2. ನೀರು ಎಷ್ಟಿದೆ, ರಾತ್ರಿ ಎಷ್ಟು ಇಳಿಯುತ್ತದೆ: ಅಳೆಯಿರಿ

ಉದ್ದ, ಅಗಲ, ನೀರಿನ ಆಳ, ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಅದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ನೀರು ಅಂದರೆ 48 ಘನ ಅಡಿ, ಸುಮಾರು 1,360 ಲೀಟರ್. ದುಂಡಗಿನ ತೊಟ್ಟಿಯಾದರೆ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಆಮೇಲೆ 22.2ರಿಂದ ಗುಣಿಸಿ. ಕಣ್ಣಳತೆಯಲ್ಲಿ ಹೇಳಬೇಡಿ. ಸಾವಿರ ಲೀಟರ್ ಇದೆ ಅಂತ ಹೇಳಿದವರ ತೊಟ್ಟಿ ಅಳೆದರೆ ಆರುನೂರು ಇರುತ್ತದೆ.

ಈಗ ಒಂದು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿನ ನಡುಮಟ್ಟಕ್ಕೆ ಇಳಿಬಿಡಿ. ಸಂಜೆ ಏಳಕ್ಕೆ ನೋಡಿ ಬರೆದಿಡಿ, ಬೆಳಿಗ್ಗೆ ಆರಕ್ಕೆ ಮತ್ತೆ ನೋಡಿ ಬರೆದಿಡಿ. ಮೂರು ರಾತ್ರಿ ಹೀಗೆ ಮಾಡಿ. ನಮ್ಮ 1,360 ಲೀಟರ್ ತೊಟ್ಟಿ ತೆರೆದಿದ್ದಾಗ ರಾತ್ರಿ 5 ಡಿಗ್ರಿ ಇಳಿಯುತ್ತಿತ್ತು. ನಿಮ್ಮದು ಬೇರೆ ಇರಬಹುದು. ನೆಲದಲ್ಲಿ ಅಗೆದ ಕೊಳಕ್ಕೆ ಸುತ್ತಲಿನ ಮಣ್ಣು ಹೊದಿಕೆಯ ಹಾಗೆ ಕೆಲಸ ಮಾಡುತ್ತದೆ, ಅದು ಕಡಿಮೆ ಇಳಿಯುತ್ತದೆ. ಟೆರೇಸಿನ ಮೇಲೆ ನಾಲ್ಕೂ ಕಡೆ ಗಾಳಿಗೆ ತೆರೆದ ತೊಟ್ಟಿ ಎಲ್ಲಕ್ಕಿಂತ ಜಾಸ್ತಿ ಇಳಿಯುತ್ತದೆ. ಈ ಒಂದು ಅಂಕಿ ಕೈಯಲ್ಲಿದ್ದರೆ ಅಂಗಡಿಯವರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ.

3. ಮುಚ್ಚಿಗೆ: ಇದೇ ಮುಖ್ಯ

ಕೊಳದ ಬಿಸಿ ಬಹುಪಾಲು ಹೋಗುವುದು ಮೇಲ್ಮೈಯಿಂದ. ಅದಕ್ಕೆ ಎರಡು ದಾರಿ. ಒಂದು, ನೀರು ಆವಿಯಾಗುವುದು. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಅದರ ಜೊತೆ ಸುಮಾರು 0.68 ಯೂನಿಟ್ ಕರೆಂಟಿಗೆ ಸಮನಾದ ಬಿಸಿ ಹೋಗುತ್ತದೆ. ಅಂದರೆ ಸಾವಿರ ಲೀಟರ್ ಕೊಳದಿಂದ ಬರೀ ಒಂದು ಲೀಟರ್ ಆವಿಯಾದರೆ ಉಳಿದ ನೀರು ಅರ್ಧ ಡಿಗ್ರಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಮಡಕೆಯ ನೀರು ತಂಪಾಗುವುದೂ ಹೀಗೇ ತಾನೆ. ಪುಣೆಯ ಚಳಿಗಾಲದ ಒಣ ಗಾಳಿಯಲ್ಲಿ ಇದು ಜೋರು. ಎರಡನೆಯದು, ಮೋಡ ಇಲ್ಲದ ರಾತ್ರಿ ನೀರಿನ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಯೇ ಹೆಚ್ಚು ಥಂಡಿ. ಎರಡನ್ನೂ ಒಂದೇ ಹಾಳೆ ತಡೆಯುತ್ತದೆ.

ಬೇಕಾದದ್ದು ಇಷ್ಟು. ಸಾಮಾನು ಕಟ್ಟಲು ಬಳಸುವ ಗುಳ್ಳೆ ಪ್ಲಾಸ್ಟಿಕ್, ಅಂದರೆ ಬಬಲ್ ರ‍್ಯಾಪ್, ದೊಡ್ಡ ಗುಳ್ಳೆಯದು. ರವಿವಾರ ಪೇಠೆಯಲ್ಲಿ ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆಮೇಲೆ ಅರ್ಧ ಇಂಚಿನ ಪಿವಿಸಿ ಪೈಪು, ಎಲ್ಬೋ, ಒಂದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಥವಾ ತಾಡಪತ್ರಿ, ಬದಿಗೆ ಎರಡು ಇಂಚು ದಪ್ಪದ ಥರ್ಮಾಕೋಲ್.

ಬಬಲ್ ರ‍್ಯಾಪನ್ನು ಗುಳ್ಳೆ ಕೆಳಗೆ ಬರುವ ಹಾಗೆ ನೀರಿನ ಮೇಲೆಯೇ ತೇಲಿಬಿಡಿ. ಮುಕ್ಕಾಲು ಭಾಗ ಮುಚ್ಚಿದರೆ ಸಾಕು, ಕಾಲು ಭಾಗ ತೆರೆದಿರಲಿ. ಅದರ ಮೇಲೆ ಪೈಪಿನ ಚೌಕಟ್ಟು ಕಟ್ಟಿ, ನೀರಿಗಿಂತ ಒಂದು ಗೇಣು ಎತ್ತರದಲ್ಲಿ ಹಾಳೆ ಹಾಸಿ. ಎರಡರ ನಡುವೆ ನಿಂತ ಗಾಳಿಯೇ ನಿಮ್ಮ ಕಂಬಳಿ. ಬೆಳಿಗ್ಗೆ ಹಾಳೆ ಎತ್ತಿದಾಗ ಅದರ ಒಳಮೈಯಲ್ಲಿ ನೀರಿನ ಹನಿಗಳು ಸಾಲಾಗಿ ತೂಗುತ್ತಿರುತ್ತವೆ, ಕೈ ತಾಗಿದರೆ ತೊಟತೊಟ ಉದುರುತ್ತವೆ. ಆವಿಯಾಗಿ ಹೋಗಬೇಕಿದ್ದ ಆ ನೀರು ಅಲ್ಲೇ ಸಿಕ್ಕಿ ಮತ್ತೆ ಕೊಳಕ್ಕೆ ಬೀಳುತ್ತದೆ. ಹನಿ ಕಾಣಿಸಿದರೆ ಮುಚ್ಚಿಗೆ ಸರಿಯಾಗಿ ಕೂತಿದೆ ಅಂತ ತಿಳಿಯಿರಿ.

ಎಚ್ಚರಿಕೆ ಒಂದು. ಪೂರ್ತಿ ಬಿಗಿಯಾಗಿ ಮುಚ್ಚಬೇಡಿ. ಮೊದಲ ವರ್ಷ ನಾನು ಹಾಳೆಯನ್ನು ನಾಲ್ಕೂ ಕಡೆ ಇಟ್ಟಿಗೆ ಇಟ್ಟು ಬಿಗಿದುಬಿಟ್ಟಿದ್ದೆ, ಬೆಳಿಗ್ಗೆ ತೆಗೆದರೆ ಮೋಲಿಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಎರಡು ಉಳಿಯಲಿಲ್ಲ. ಎದುರುಬದುರು ಎರಡು ಮೂಲೆಗಳಲ್ಲಿ ನಾಲ್ಕು ಬೆರಳು ಹೋಗುವಷ್ಟು ಜಾಗ ಬಿಡಿ, ಒಂದು ಏರ್ ಸ್ಟೋನ್, ಅಂದರೆ ಗಾಳಿಗುಳ್ಳೆ ಬಿಡುವ ಕಲ್ಲು, ರಾತ್ರಿಯಿಡೀ ಸಣ್ಣಗೆ ಓಡುತ್ತಿರಲಿ. ಗೌರಾಮಿ, ಬೆಟ್ಟಾ ನೀರಿನ ಮೇಲೆ ಬಂದು ಗಾಳಿ ಎಳೆದುಕೊಳ್ಳುವ ಮೀನುಗಳು, ಅವಿದ್ದರೆ ಆ ತೆರೆದ ಕಾಲುಭಾಗ ಇರಲೇಬೇಕು.

ಎರಡನೇ ತಪ್ಪು, ರಾತ್ರಿಯೂ ಕಾರಂಜಿ, ಜಲಪಾತ ಓಡಿಸುವುದು. ನೀರನ್ನು ಎತ್ತಿ ತಣ್ಣನೆ ಗಾಳಿಯಲ್ಲಿ ಚೆಲ್ಲುವುದಕ್ಕಿಂತ ಬೇಗ ಆರಿಸುವ ದಾರಿ ಬೇರೆ ಇಲ್ಲ. ಸಂಜೆ ಐದಕ್ಕೆ ಬಂದ್ ಮಾಡಿ. ಫಿಲ್ಟರ್ ಮಾತ್ರ ಬಂದ್ ಮಾಡಬೇಡಿ. ಅದರ ಬಾಯಿಯನ್ನು ನೀರಿನ ಒಳಗೇ ತಿರುಗಿಸಿ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ತೊಟ್ಟಿಯ ಮೇಲೆ ಬಿದ್ದ ಕೂಡಲೇ ಎಲ್ಲ ತೆಗೆಯಿರಿ, ಸಂಜೆ ಐದೂವರೆಗೆ ಮತ್ತೆ ಹಾಕಿ. ಪುಕ್ಕಟೆ ಸಿಗುವ ಬಿಸಿ ಅದು, ಬಿಡಬೇಡಿ. ಬದಿಯ ಥರ್ಮಾಕೋಲ್ ಮಾತ್ರ ಕಾಯಂ ಇರಲಿ. ಟೆರೇಸಿನ ತೊಟ್ಟಿಯಾದರೆ ಅಡಿಗೂ ಒಂದು ಪದರ ಬೇಕು, ಆದರೆ ನೀರು ತುಂಬಿದ ತೊಟ್ಟಿ ಎತ್ತಲು ಹೋಗಬೇಡಿ, ಮುಂದಿನ ಸಲ ಖಾಲಿ ಮಾಡಿದಾಗ ಹಾಕಿ.

ಇಷ್ಟು ಮಾಡಿ ಮತ್ತೆ ಮೂರು ರಾತ್ರಿ ಅಳೆಯಿರಿ. ನಮ್ಮಲ್ಲಿ 5 ಡಿಗ್ರಿ ಇಳಿಯುತ್ತಿದ್ದದ್ದು 2.5ಕ್ಕೆ ಬಂತು.

4. ವಾಟಿನ ಲೆಕ್ಕ

ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ಯೂನಿಟ್ ಬೇಕು. ಒಂದು ಯೂನಿಟ್ ಅಂದರೆ ಸಾವಿರ ವಾಟಿನ ಹೀಟರ್ ಒಂದು ಗಂಟೆ ಓಡಿದರೆ ಖರ್ಚಾಗುವ ಕರೆಂಟ್. ಇದು ಎಲ್ಲಿಗೆ ಹೋದರೂ ಬದಲಾಗದ ಲೆಕ್ಕ, ಯಾವ ಕಂಪನಿಯ ಹೀಟರಿಗೂ ಇಷ್ಟೇ ಬೇಕು.

ನಮ್ಮ ತೊಟ್ಟಿಗೆ ಹಾಕಿ ನೋಡಿ. 1.36 × 2.5 × 1.16 ಅಂದರೆ ರಾತ್ರಿಗೆ ಸುಮಾರು 3.9 ಯೂನಿಟ್. ಅದನ್ನು 11 ಗಂಟೆಗೆ ಹಂಚಿದರೆ 360 ವಾಟ್. ಆದರೆ ನೀರನ್ನು ಬೆಚ್ಚಗೆ ಹಿಡಿದಿಟ್ಟಷ್ಟೂ ಹೊರಗಿನ ಗಾಳಿಗೂ ಅದಕ್ಕೂ ಅಂತರ ಹೆಚ್ಚಿ ಬಿಸಿ ಇನ್ನೂ ಬೇಗ ಹೋಗುತ್ತದೆ, ಜನವರಿಯಲ್ಲಿ ಒಂದೆರಡು ರಾತ್ರಿ ತೀರಾ ಥಂಡಿಯೂ ಬರುತ್ತದೆ, ಹಾಗಾಗಿ ಇದರ ಅರ್ಧದಷ್ಟು ಸೇರಿಸಿ. 540 ಆಯಿತು. 300 ವಾಟಿನ ಎರಡು ಹೀಟರ್ ಸಾಕು. ಮುಚ್ಚಿಗೆ ಇಲ್ಲದೆ ಇದೇ ಲೆಕ್ಕ ಮಾಡಿದರೆ ರಾತ್ರಿಗೆ 7.9 ಯೂನಿಟ್, ಹೀಟರ್ ಸಾವಿರ ವಾಟ್ ದಾಟುತ್ತದೆ. ಯೂನಿಟ್ಟಿಗೆ 10 ರೂಪಾಯಿ ಅಂತ ಹಿಡಿದರೂ ರಾತ್ರಿಗೆ 40 ರೂಪಾಯಿ ವ್ಯತ್ಯಾಸ, 75 ರಾತ್ರಿಗೆ 3,000. ನಿಮ್ಮ ಮಹಾವಿತರಣದ ಕರೆಂಟ್ ಬಿಲ್ಲಿನಲ್ಲಿ ಕೊನೆಯ ಸ್ಲ್ಯಾಬಿನ ದರ ಎಷ್ಟಿದೆ ನೋಡಿ ಅದನ್ನು ಹಾಕಿ, ಏಕೆಂದರೆ ಹೀಟರಿನ ಯೂನಿಟ್ಟುಗಳು ಮನೆಯ ಬಳಕೆಯ ಮೇಲೆ ಸೇರಿ ಮೇಲಿನ ಸ್ಲ್ಯಾಬಿಗೆ ಹೋಗುತ್ತವೆ.

5. ಹೀಟರ್ ಕೊಳ್ಳುವಾಗ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಜಿನ ಕೊಳವೆಯ ಹೀಟರ್ ಆಗುತ್ತದೆ. ಟೈಟೇನಿಯಂನದ್ದು ಒಡೆಯುವುದಿಲ್ಲ, ಬೆಲೆ ಜಾಸ್ತಿ. ದೊಡ್ಡ ಮೀನು, ಕಲ್ಲು ಇರುವ ಕೊಳಕ್ಕೆ ಅದೇ ಒಳ್ಳೆಯದು. ಮುಂಬೈಗೆ ಹೋಗುವವರಿದ್ದರೆ ಕುರ್ಲಾದಲ್ಲಿ ಆಯ್ಕೆ ಹೆಚ್ಚು ಸಿಗುತ್ತದೆ.

ಒಂದು ದೊಡ್ಡದರ ಬದಲು ಎರಡು ಚಿಕ್ಕವು ತನ್ನಿ. ಒಂದು ಕೆಟ್ಟು ನಿಂತರೆ ಇನ್ನೊಂದು ಬೆಳಗಿನವರೆಗೆ ಕೈಹಿಡಿಯುತ್ತದೆ. ಒಂದು ಕೆಟ್ಟು ಆಫ್ ಆಗದೆ ಓಡುತ್ತಲೇ ಇದ್ದರೂ 300 ವಾಟಿನಿಂದ ಅಷ್ಟು ನೀರು ಕುದಿಯುವುದಿಲ್ಲ. ಚಿಕ್ಕ ತೊಟ್ಟಿಗೆ ದೊಡ್ಡ ಹೀಟರ್ ಹಾಕುವವರು ಇದನ್ನು ಗಮನಿಸಿ. 300 ಲೀಟರಿಗೆ 500 ವಾಟ್ ಹಾಕಿ ಅದು ಹತ್ತು ಗಂಟೆ ನಿಲ್ಲದೆ ಓಡಿದರೆ ಹೊರಗೆ ಹೋಗುವ ಬಿಸಿ ಬಿಟ್ಟು ಲೆಕ್ಕ ಹಿಡಿದರೆ 14 ಡಿಗ್ರಿ ಏರುವಷ್ಟು ಶಕ್ತಿ ಅದು.

ಸ್ನಾನದ ನೀರು ಕಾಯಿಸುವ ಕಾಯಿಲ್ ರಾಡ್ ಕೊಳಕ್ಕೆ ಇಳಿಬಿಡುವವರಿದ್ದಾರೆ. ಬೇಡ, ಯಾವ ಕಾರಣಕ್ಕೂ ಬೇಡ. ಅದಕ್ಕೆ ಥರ್ಮೋಸ್ಟಾಟ್ ಇಲ್ಲ, ಅಂದರೆ ಇಷ್ಟು ಬಿಸಿಯಾದ ಮೇಲೆ ತಾನೇ ಆಫ್ ಆಗುವ ಏರ್ಪಾಡು ಇಲ್ಲ. ಬಕೆಟ್ಟಿಗೆ ಹಾಕಿ ಹತ್ತು ನಿಮಿಷಕ್ಕೆ ತೆಗೆಯುವ ವಸ್ತು ಅದು. ಹತ್ತಿರ ಬಂದ ಮೀನು ಸುಟ್ಟುಹೋಗುತ್ತದೆ, ನೀರಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ ಅನ್ನುವುದು ನೆನಪಿರಲಿ.

ಸೋಲಾರ್ ವಾಟರ್ ಹೀಟರ್ ಇರುವವರು ಅದರ ಬಿಸಿನೀರನ್ನು ಪೈಪಿನ ಸುರುಳಿಯಲ್ಲಿ ಹರಿಸಿ ಕೊಳ ಬೆಚ್ಚಗಾಗಿಸಬಹುದು. ಸುರುಳಿ ಸ್ಟೀಲಿನದಾಗಿರಲಿ, ತಾಮ್ರದ್ದು ಬೇಡ. ತಾಮ್ರ ನೀರಿಗೆ ಇಳಿದರೆ ಮೀನಿಗೆ ವಿಷ, ಸೀಗಡಿ, ಬಸವನಹುಳುವಿಗೆ ಇನ್ನೂ ಬೇಗ.

6. ಕರೆಂಟ್ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ

ನೀರು, ಕರೆಂಟ್, ಹೊರಗಿನ ಜಾಗ. ಮೂರೂ ಒಟ್ಟಿಗೆ ಬಂದಾಗ ಹಣ ಉಳಿಸಲು ನೋಡಬೇಡಿ. ಕೊಳದ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಕರೆಂಟ್ ನೀರಿನ ಮೂಲಕವೋ ಮನುಷ್ಯನ ಮೂಲಕವೋ ಭೂಮಿಗೆ ಸೋರಲು ಶುರುವಾದ ಕೂಡಲೇ ಲೈನನ್ನು ಕತ್ತರಿಸುವ ಸ್ವಿಚ್ ಅದು. "ನಮ್ಮಲ್ಲಿ ಎಂಸಿಬಿ ಇದೆಯಲ್ಲ" ಅನ್ನುತ್ತಾರೆ. ಎಂಸಿಬಿ ಬೇರೆ. ಅದು ಲೋಡ್ ಜಾಸ್ತಿಯಾದರೆ ಬೀಳುತ್ತದೆ, ತಂತಿ ಸುಡದ ಹಾಗೆ ನೋಡಿಕೊಳ್ಳುತ್ತದೆ. ನಿಮಗೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ ಮೇಲೆ ಟೆಸ್ಟ್ ಅನ್ನುವ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ, ಟಕ್ ಅಂತ ಬೀಳಬೇಕು. ಅರ್ತಿಂಗ್ ನಿಜವಾಗಿ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ, ಹಳೆಯ ವಾಡೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದು ಹಿಂದೆ ಅರ್ತ್ ತಂತಿಯೇ ಇರದಿದ್ದದ್ದು ನೋಡಿದ್ದೇನೆ.

ಸಾಕೆಟ್ ಮಳೆ, ಹನಿ ಒಳಗೆ ಹೋಗದ ಮುಚ್ಚಳದ ಪೆಟ್ಟಿಗೆಯಲ್ಲಿರಲಿ. ತಂತಿ ಸಾಕೆಟ್ಟಿಗೆ ಮೇಲಿನಿಂದ ನೇರ ಇಳಿಯಬಾರದು. ಒಮ್ಮೆ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ. ತಂತಿಯಗುಂಟ ಬಂದ ನೀರು ಆ ಜೋಲಿನಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ. ಟೇಪ್ ಸುತ್ತಿದ ಜಾಯಿಂಟ್ ಕೊಳದ ಹತ್ತಿರ ಎಲ್ಲೂ ಇರಬಾರದು. ತಂತಿ ಸಾಲದಿದ್ದರೆ ಸಾಕೆಟ್ಟನ್ನೇ ಹತ್ತಿರ ತರಿಸಿ.

ಕೊಳಕ್ಕೆ ಕೈ ಹಾಕುವ ಮೊದಲು ಪ್ಲಗ್ ತೆಗೆಯುವ ಅಭ್ಯಾಸ ಮನೆಮಂದಿಗೆಲ್ಲ ಆಗಲಿ. ಕೆಲಸಕ್ಕೆ ಬರುವ ಅಕ್ಕನಿಗೂ ಹೇಳಿಡಿ.

7. ಕಂಟ್ರೋಲರ್ ಜೋಡಿಸುವುದು

ಹೀಟರಿನ ಒಳಗಿನ ಥರ್ಮೋಸ್ಟಾಟ್ ಒಂದನ್ನೇ ನಂಬಬೇಡಿ. ಹೊರಗೆ ಒಂದು ಡಿಜಿಟಲ್ ಕಂಟ್ರೋಲರ್ ಹಾಕಿ. ಎಸ್‌ಟಿಸಿ 1000 ಅಂತ ಸಿಗುತ್ತದೆ, ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಕೇಳಿ. ಇದರಲ್ಲಿ 12, 24 ವೋಲ್ಟಿನವೂ ಇರುತ್ತವೆ, 220 ವೋಲ್ಟಿನದ್ದೇ ಅಂತ ನೋಡಿಕೊಂಡು ತನ್ನಿ. ಬರೀ ಯಂತ್ರ ಬರುತ್ತದೆ, ಹಿಂದೆ ತಂತಿ ಕಚ್ಚಿಸುವ ಸ್ಕ್ರೂಗಳು ಬಯಲಲ್ಲೇ ಇರುತ್ತವೆ. ಹಾಗಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಬೇಕು.

ಇದಕ್ಕೆ ಎರಡು ಹೊರದಾರಿ ಇವೆ, ಒಂದು ಬಿಸಿ ಮಾಡಲು, ಒಂದು ತಂಪು ಮಾಡಲು. ಫ್ರಿಜ್ಜಿನ ಕೆಲಸ ಮಾಡುವವರು ರೂಢಿಯಲ್ಲಿ ತಂಪಿನ ದಾರಿಗೆ ಜೋಡಿಸಿಬಿಡುತ್ತಾರೆ. ಆಗ ಏನಾಗುತ್ತದೆ? ನೀರು ತಣ್ಣಗಿದ್ದಾಗ ಹೀಟರ್ ಸುಮ್ನೆ ಕೂರುತ್ತದೆ, ಮಧ್ಯಾಹ್ನ ನೀರು ಬಿಸಿಯಾದಾಗ ಓಡಲು ಶುರು ಮಾಡುತ್ತದೆ. ಜೋಡಿಸಿದ ಮೇಲೆ ಸೆನ್ಸರನ್ನು ತಣ್ಣೀರಿನ ಲೋಟದಲ್ಲಿ ಅದ್ದಿ ಹೀಟರ್ ಆನ್ ಆಗುತ್ತದಾ, ಬಿಸಿನೀರಿನ ಲೋಟಕ್ಕೆ ಹಾಕಿದರೆ ಆಫ್ ಆಗುತ್ತದಾ ಅಂತ ನೀವೇ ನೋಡಿ. ಈ ಪರೀಕ್ಷೆಯ ಹೊತ್ತಿಗೆ ಹೀಟರ್ ನೀರಿನಲ್ಲೇ ಇರಬೇಕು, ಗಾಳಿಯಲ್ಲಿ ಆನ್ ಆದರೆ ಗಾಜು ಸೀಳುತ್ತದೆ.

ಸೆಟ್ಟಿಂಗ್ ನಾಲ್ಕೇ. ಎಫ್1 ಅಂದರೆ ಬೇಕಾದ ಬಿಸಿ, 24 ಇಡಿ. ಎಫ್2 ಅಂದರೆ ಎಷ್ಟು ಇಳಿದರೆ ಮತ್ತೆ ಆನ್ ಆಗಬೇಕು, 0.5 ಇಡಿ. ಆಗ 23.5ಕ್ಕೆ ಆನ್, 24ಕ್ಕೆ ಆಫ್. ಎಫ್3 ಕಂಪ್ರೆಸರಿಗೆ ಸಂಬಂಧಿಸಿದ್ದು, ಇದ್ದ ಹಾಗೇ ಇರಲಿ. ಎಫ್4 ತಪ್ಪು ತೋರಿಸಿದರೆ ಸರಿಪಡಿಸಲು. ಲೋಟದ ತುಂಬ ಐಸ್ ಪುಡಿ ಮಾಡಿ ಹಾಕಿ, ಸ್ವಲ್ಪ ನೀರು ಬಿಟ್ಟು ಸೆನ್ಸರ್ ಅದ್ದಿ ಐದು ನಿಮಿಷ ಬಿಟ್ಟರೆ 0 ತೋರಿಸಬೇಕು. 1 ತೋರಿಸಿದರೆ ಎಫ್4ನಲ್ಲಿ ಮೈನಸ್ 1 ಇಡಿ.

ಹೀಟರಿನ ಸ್ವಂತ ಗುಂಡಿಯನ್ನು 26ಕ್ಕೆ ತಿರುಗಿಸಿಡಿ. ಹೊರಗಿನ ಕಂಟ್ರೋಲರ್ ಅಂಟಿಕೊಂಡು ಆಫ್ ಆಗದಿದ್ದರೆ ಒಳಗಿನದ್ದು 26ಕ್ಕೆ ನಿಲ್ಲಿಸುತ್ತದೆ.

ಹೀಟರನ್ನು ಫಿಲ್ಟರಿನ ನೀರು ಹೊರಬರುವ ಬಾಯಿಯ ಹತ್ತಿರ ಇಡಿ, ಬಿಸಿ ಎಲ್ಲ ಕಡೆ ಹರಡುತ್ತದೆ. ಸೆನ್ಸರ್ ಕೊಳದ ಇನ್ನೊಂದು ತುದಿಯಲ್ಲಿ, ನಡು ಆಳದಲ್ಲಿ, ಒಂದು ಕಲ್ಲಿಗೆ ಕಟ್ಟಿ ಇಳಿಬಿಡಿ. ಬೆಕ್ಕೋ ಮಗುವೋ ತಂತಿ ಎಳೆದು ಸೆನ್ಸರ್ ಹೊರಗೆ ಬಂದರೆ ಅದು ತಣ್ಣನೆ ಗಾಳಿಯನ್ನು ಅಳೆದು, ನೀರು ಇನ್ನೂ ತಣ್ಣಗಿದೆ ಅಂತ ರಾತ್ರಿಯಿಡೀ ಹೀಟರ್ ಓಡಿಸುತ್ತದೆ. ಗಟ್ಟಿಯಾಗಿ ಕಟ್ಟಿ. ಲೈನರ್ ಹಾಕಿದ ಕೊಳ, ಅಂದರೆ ಗುಂಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ ಮಾಡಿದ ಕೊಳ ಆಗಿದ್ದರೆ ಹೀಟರ್ ಅದಕ್ಕೆ ತಾಗಲೇಬಾರದು, ತೂತು ಬೀಳುತ್ತದೆ. ಎರಡು ಇಂಚಿನ ಪಿವಿಸಿ ಪೈಪಿಗೆ ತುಂಬ ತೂತು ಕೊರೆದು ಅದರೊಳಗೆ ಹೀಟರ್ ಕೂರಿಸಿದರೆ ಆಸ್ಕರ್ ಗುದ್ದಿದರೂ ಚಿಂತೆ ಇಲ್ಲ.

8. ಮೊದಲ ಸಲ ಆನ್ ಮಾಡುವಾಗ

ನೀರು 19 ಇದೆ ಅಂತ ತಿಳಿಯಿರಿ. ಒಂದೇ ಸಲ 24 ಇಡಬೇಡಿ. ಮೊದಲ ದಿನ 21, ಮರುದಿನ 22.5, ಮೂರನೇ ದಿನ 24. ನವೆಂಬರ್ ಮಧ್ಯದಲ್ಲೇ, ನೀರು ಇನ್ನೂ 23–24 ಇರುವಾಗಲೇ ಜೋಡಿಸಿಬಿಟ್ಟರೆ ಈ ತಾಪತ್ರಯವೇ ಇಲ್ಲ. ಶೀಗಿ ಹುಣ್ಣಿಮೆ ದಾಟಿದ ಮೇಲೆ ಸಾಮಾನು ಕೂಡಿಸಲು ಶುರು ಮಾಡಿ.

9. ದಿನದ ಕೆಲಸ

ಊಟ ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಹಾಕಿ, ನೀರು ಆಗ ಬೆಚ್ಚಗಿರುತ್ತದೆ. ನೀರು 20ಕ್ಕಿಂತ ಇಳಿದರೆ ಅರ್ಧ ಹಾಕಿ, 18ಕ್ಕಿಂತ ಇಳಿದರೆ ಹಾಕಲೇಬೇಡಿ. ತಣ್ಣಗಾದ ಮೀನಿಗೆ ಜೀರ್ಣ ಆಗುವುದಿಲ್ಲ, ತಿನ್ನದೆ ಬಿಟ್ಟದ್ದು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿಂದು ನೀರು ಶುದ್ಧ ಮಾಡುವ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಚಳಿಗೆ ನಿಧಾನ ಆಗಿರುತ್ತವೆ.

ನೀರು ಬದಲಿಸುವುದು ವಾರಕ್ಕೊಮ್ಮೆ, ಹತ್ತನೇ ಒಂದು ಭಾಗ, ಅದೂ ಮಧ್ಯಾಹ್ನ. ಬೆಳಿಗ್ಗೆ ಮೇಲಿನ ಟ್ಯಾಂಕಿನ ನೀರು ಕೈ ಜೋಮು ಹಿಡಿಯುವಷ್ಟು ತಣ್ಣಗಿರುತ್ತದೆ, ಅದನ್ನು ನೇರ ಬಿಟ್ಟರೆ ಹೀಟರ್ ರಾತ್ರಿಯೆಲ್ಲ ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಹೋಯಿತು. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ ಹಾಕಲು ಮರೆಯಬೇಡಿ. ಬೋರ್‌ವೆಲ್ ನೀರು ಚಳಿಯಲ್ಲಿ ಬೆಚ್ಚಗೇ ಬರುತ್ತದೆ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆ. ಡ್ರಮ್ಮಿನಲ್ಲಿ ತುಂಬಿ ಅರ್ಧ ದಿನ ಏರ್ ಸ್ಟೋನ್ ಓಡಿಸಿ ಆಮೇಲೆ ಬಿಡಿ. ನೀರು ತೆಗೆಯುವ ಮೊದಲು ಹೀಟರ್ ಆಫ್ ಮಾಡಿ ಹದಿನೈದು ನಿಮಿಷ ಕಾಯಿರಿ, ಬಿಸಿ ಗಾಜಿಗೆ ಗಾಳಿ ತಾಗಬಾರದು.

10. ರೋಗ ಬಂದರೆ, ಕರೆಂಟ್ ಹೋದರೆ

ಬೆಳಿಗ್ಗೆ ಹಾಳೆ ಎತ್ತಿದ ಮೇಲೆ ಒಂದು ನಿಮಿಷ ನಿಂತು ನೋಡಿ. ಆರೋಗ್ಯದ ಮೀನು ನೆರಳು ಕಂಡ ಕೂಡಲೇ ಊಟಕ್ಕೆ ಓಡಿ ಬರುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕೂತಿದ್ದರೆ, ಎಲ್ಲವೂ ಹೀಟರ್ ಹತ್ತಿರ ಗುಂಪು ಕಟ್ಟಿದ್ದರೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಏನೋ ತಪ್ಪಿದೆ. ಮೈಮೇಲೆ ರವೆಯ ಕಾಳು ಮೆತ್ತಿದ ಹಾಗೆ ಬಿಳಿ ಚುಕ್ಕೆ ಕಂಡರೆ ಅದು ವೈಟ್ ಸ್ಪಾಟ್, ಚಳಿಗಾಲದಲ್ಲಿ ಬಹಳ ಕಾಡುವ ರೋಗ. ಅದನ್ನು ತರುವ ಪರಜೀವಿ ಚರ್ಮದ ಒಳಗೆ ಕೂತಿರುವಾಗ ಔಷಧಿ ತಾಗುವುದಿಲ್ಲ, ಹೊರಬಂದು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ತಣ್ಣೀರಿನಲ್ಲಿ ಅದು ಹೊರಬರಲು ವಾರಗಟ್ಟಲೆ ಹಿಡಿಯುತ್ತದೆ, ಬೆಚ್ಚಗಿದ್ದರೆ ಕೆಲವೇ ದಿನ. ಅದಕ್ಕೇ ದಿನಕ್ಕೆ ಒಂದೊಂದು ಡಿಗ್ರಿಯಂತೆ 28ಕ್ಕೆ ಏರಿಸಿ. ಹೀಟರಿನ ಸ್ವಂತ ಗುಂಡಿಯನ್ನೂ 30ಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ 26ಕ್ಕೇ ನಿಲ್ಲುತ್ತದೆ. ಲೀಟರಿಗೆ 2 ಗ್ರಾಂ ಕಲ್ಲುಪ್ಪು ಕರಗಿಸಿ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಚುಕ್ಕೆ ಹೋದ ಮೇಲೂ ಒಂದು ವಾರ ಹಾಗೇ ಇಡಿ, ಮೂರೇ ದಿನಕ್ಕೆ ವಾಸಿಯಾಯಿತು ಅಂತ ನಿಲ್ಲಿಸಿದರೆ ಮತ್ತೆ ಬರುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಹಿಡಿಯುವುದರಿಂದ ಏರ್ ಸ್ಟೋನ್ ಜೋರಾಗಿರಲಿ. ತಾವರೆ, ನೀರಿನ ಗಿಡಗಳಿದ್ದರೆ ಉಪ್ಪು ಅವನ್ನು ಕೆಡಿಸುತ್ತದೆ, ಮೀನನ್ನು ಬೇರೆ ಟಬ್ಬಿಗೆ ಹಾಕಿ ಚಿಕಿತ್ಸೆ ಮಾಡಿ. ಆದರೆ ರೋಗದ ಮರಿಗಳು ಕೊಳದ ನೀರಿನಲ್ಲೂ ಇರುತ್ತವೆ, ಹಾಗಾಗಿ ಎಲ್ಲ ಮೀನನ್ನೂ ತೆಗೆಯಬೇಕು.

ಗುರುವಾರ ದುರಸ್ತಿಗೆ ಅಂತ ಹಗಲು ಕರೆಂಟ್ ತೆಗೆಯುವುದು ಪುಣೆಯಲ್ಲಿ ಎಲ್ಲರಿಗೂ ಗೊತ್ತು. ಹಗಲು ಹೋದರೆ ಬಿಸಿಲಿದೆ, ತೊಂದರೆ ಇಲ್ಲ. ರಾತ್ರಿ ಹೋದರೆ ಹಾಳೆ ತೆಗೆಯಬೇಡಿ, ಒಳ್ಳೆಯ ಮುಚ್ಚಿಗೆ ಇದ್ದರೆ ಗಂಟೆಗೆ ಕಾಲು ಡಿಗ್ರಿ ಇಳಿಯಬಹುದು ಅಷ್ಟೇ. ಮನೆಯ ಇನ್ವರ್ಟರಿಗೆ ಹೀಟರ್ ಜೋಡಿಸಬೇಡಿ, 150 ಆಂಪಿಯರ್ ಅವರ್ ಬ್ಯಾಟರಿಯನ್ನು 600 ವಾಟ್ ಮೂರು ಗಂಟೆಯೊಳಗೆ ಖಾಲಿ ಮಾಡುತ್ತದೆ. ಏರ್ ಪಂಪ್ ಮಾತ್ರ ಜೋಡಿಸಿ. ತೀರಾ ಹೊತ್ತಾದರೆ ಐದು ಲೀಟರಿನ ನಾಲ್ಕು ಕ್ಯಾನುಗಳಲ್ಲಿ 70 ಡಿಗ್ರಿಯ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಕೊಳದಲ್ಲಿ ತೇಲಿಬಿಡಿ. ಸಾವಿರ ಲೀಟರ್ ಕೊಳ ಒಂದು ಡಿಗ್ರಿ ಏರುತ್ತದೆ. ಬಿಸಿನೀರನ್ನು ನೇರ ಸುರಿಯಬೇಡಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುವುದು ಪುಣೆಗೂ ಸರಿಯಾಗೇ ಹೊಂದುತ್ತದೆ. ಫೆಬ್ರವರಿ ಕೊನೆಗೆ ಬೆಳಗಿನ ನೀರು ಮುಚ್ಚಿಗೆ ಮಾತ್ರ ಇದ್ದು ಮೂರು ದಿನ 22ಕ್ಕಿಂತ ಮೇಲೆ ನಿಂತರೆ ಹೀಟರ್ ತೆಗೆಯಿರಿ. ಗಾಜಿನ ಮೇಲೆ ಸುಣ್ಣದ ಹಾಗೆ ಬಿಳಿ ಕಟ್ಟಿರುತ್ತದೆ. ಉಜ್ಜಬೇಡಿ, ಲಿಂಬೆರಸ ಬೆರೆಸಿದ ನೀರಿನಲ್ಲಿ ಕೊಳವೆಯ ಭಾಗ ಮಾತ್ರ ಒಂದು ಗಂಟೆ ನೆನೆಸಿದರೆ ತಾನೇ ಬಿಡುತ್ತದೆ. ತೊಳೆದು, ಒಣಗಿಸಿ, ಉಳಿದ ಬಬಲ್ ರ‍್ಯಾಪಿನಲ್ಲೇ ಸುತ್ತಿ, ಈ ವರ್ಷ ಬರೆದಿಟ್ಟ ರಾತ್ರಿಯ ಅಂಕಿಗಳ ಚೀಟಿಯನ್ನೂ ಅದರೊಳಗೇ ಇಟ್ಟುಬಿಡಿ. ಮುಂದಿನ ನವೆಂಬರಿಗೆ ಬೇಕಾಗುತ್ತದೆ.